ಬೆಂಗಳೂರಿನಲ್ಲಿ ಆಸ್ಪತ್ರೆಯ ದಾರಿ ಹಿಡಿಯುವ ಬಗೆ

ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋಗುವ ಅನೇಕರು ಹೋಗುವುದು ಆಸ್ಪತ್ರೆಗೆ. ರೋಗಿಯೊಡನೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ದಿಕ್ಕು ತೋಚದೆ, ಔಷಧಿಗೆಂದು ಗಂಟು ಕಟ್ಟಿದ ಹಣದಲ್ಲಿ ಒಂದು ಪಾಲನ್ನು ಬಾಡಿಗೆ ಗಾಡಿಗೆ ತೆತ್ತು ಬರುತ್ತಾರೆ. ಆದುದರಿಂದ ಜಯದೇವ ಹೃದ್ರೋಗ ಆಸ್ಪತ್ರೆಯ ದಾರಿಯನ್ನೇ ಈ ಸಲದ ಪಾಠವಾಗಿ ಇಟ್ಟುಕೊಂಡಿದೆ.

ಹೊರಡುವ ಮೊದಲು ಆಸ್ಪತ್ರೆಯ ಚೀಟಿಯನ್ನು ಓದಿಸಿಕೊಳ್ಳಿರಿ. ಜಯದೇವ ಆಸ್ಪತ್ರೆ ಮೈಸೂರಿನಲ್ಲಿಯೂ ಕಲಬುರಗಿಯಲ್ಲಿಯೂ ಉಂಟು. ನಿಮ್ಮ ಬಸ್ಸು ಮೆಜೆಸ್ಟಿಕ್ಕಿನವರೆಗೆ ಹೋಗುವುದೇ ಎಂಬುದನ್ನೂ ಕಂಡಕ್ಟರನ್ನು ಕೇಳಿರಿ. ಮೈಸೂರು ಕಡೆಯ ಕೆಲವು ಬಸ್ಸುಗಳು ಸ್ಯಾಟಲೈಟ್ ನಿಲ್ದಾಣದಲ್ಲಿಯೇ ನಿಂತುಬಿಡುತ್ತವೆ.

ಮೆಜೆಸ್ಟಿಕ್ ಎಂದರೆ ದೊಡ್ಡ ತೂಬು ಇದ್ದಂತೆ. ಊರ ಬಸ್ಸು, ನಗರದ ಬಸ್ಸು, ರೈಲು, ಮೆಟ್ರೋ ಎಲ್ಲವೂ ಅಲ್ಲಿ ಕೂಡುತ್ತವೆ. ಮೆಟ್ರೋ ನಿಲ್ದಾಣ ನೆಲದಡಿಯಲ್ಲಿದೆ. 2011ರಲ್ಲಿ ಆರಂಭವಾದ ಈ ರೈಲಿಗೆ ಹೆದರಬೇಕಾದುದಿಲ್ಲ. ನಡೆಯಲಾರದವರಿಗೆ ಲಿಫ್ಟ್ ಇದೆ. ಕೌಂಟರಿನಲ್ಲಿ "ಜಯದೇವ" ಎಂದು ಹೇಳಿ ಟೋಕನ್ ಕೊಳ್ಳಿರಿ. ಒಳಹೋಗುವಾಗ ಅದನ್ನು ದ್ವಾರದ ಯಂತ್ರಕ್ಕೆ ತಾಗಿಸಬೇಕು. ಹೊರಬರುವಾಗ ಯಂತ್ರದ ಸೀಳಿನಲ್ಲಿ ಹಾಕಬೇಕು. ಅಲ್ಲಿಯವರೆಗೆ ಒಬ್ಬರೇ ಎಲ್ಲರ ಟೋಕನ್ನುಗಳನ್ನು ಇಟ್ಟುಕೊಳ್ಳುವುದು ಬೇಡ. ಒಬ್ಬೊಬ್ಬರ ಕೈಯಲ್ಲಿ ಒಂದೊಂದಿರಲಿ.

ಈಗ ಮುಖ್ಯವಾದ ಮಾತು. ಬಣ್ಣವೊಂದನ್ನೇ ನೋಡಿದರೆ ಸಾಲದು, ಕೊನೆಯ ನಿಲ್ದಾಣದ ಹೆಸರನ್ನೂ ನೋಡಬೇಕು. ಹಸಿರು ಮಾರ್ಗದಲ್ಲಿ "ರೇಷ್ಮೆ ಸಂಸ್ಥೆ" ಕಡೆಯ ಗಾಡಿ ಹತ್ತಿರಿ. "ಮಾದಾವರ" ಎಂದಿದ್ದರೆ ಅದು ತಿರುಗುಮುಖದ್ದು. ಆರ್.ವಿ. ರಸ್ತೆಯಲ್ಲಿ ಇಳಿದು, ಹೊರದ್ವಾರ ದಾಟದೆ, ಬೊಮ್ಮಸಂದ್ರದ ಕಡೆಯ ಹಳದಿ ಮಾರ್ಗಕ್ಕೆ ಬದಲಾಯಿಸಿರಿ. 2025ರ ಆಗಸ್ಟಿನಲ್ಲಿ ತೆರೆದ ಮಾರ್ಗವಿದು. ಹಳಬರಲ್ಲಿ ಕೆಲವರಿಗೆ ತಿಳಿದಿರಲಿಕ್ಕಿಲ್ಲ. ಅಲ್ಲಿಂದ ರಾಗಿಗುಡ್ಡ, ಮುಂದಿನದೇ ಜಯದೇವ.

ವಿಕ್ಟೋರಿಯಾ ಆಸ್ಪತ್ರೆಗಾದರೆ ಇಷ್ಟು ತೊಡಕಿಲ್ಲ. ಅದೇ ಹಸಿರು ಗಾಡಿಯಲ್ಲಿ ಚಿಕ್ಕಪೇಟೆ ಕಳೆದು ಕೃಷ್ಣರಾಜ ಮಾರುಕಟ್ಟೆಯಲ್ಲಿ ಇಳಿದರಾಯಿತು.

ನಗರದ ಬಸ್ಸು ಹಿಡಿಯುವವರು ಅಂಕಿಯ ಜೊತೆಗಿರುವ ಅಕ್ಷರವನ್ನೂ ಗಮನಿಸತಕ್ಕದ್ದು. ಅಕ್ಷರ ಬದಲಾದರೆ ದಾರಿಯೂ ಬದಲಾದೀತು. ಒಂದೇ ಅಂಕಿಯ ಬಸ್ಸು ರಸ್ತೆಯ ಎರಡು ಬದಿಗಳಲ್ಲಿಯೂ ಬರುತ್ತದೆ. "ಇದು ಹೋಗುವುದೋ, ಬರುವುದೋ?" ಎಂದು ಕೇಳಿಯೇ ಹತ್ತಿರಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ, ಪಟ್ಟಣದವರೂ ಕೇಳುತ್ತಾರೆ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟನ್ನು ಕೇಳಿ ಪಡೆಯಬೇಕು. ಹವಾನಿಯಂತ್ರಿತ ವಜ್ರ ಬಸ್ಸಿಗೂ ಮೆಟ್ರೋಗೂ ಈ ಸೌಲಭ್ಯವಿಲ್ಲ. ಅಷ್ಟು ಹಣವನ್ನು ಬೇರೆಯಾಗಿ ಸೆರಗಿಗೆ ಕಟ್ಟಿಕೊಂಡು ಹೊರಡಿರಿ.