ಮಡ್ಡಿಯ ಮೊಲ



ಚಿಂಚಲಿ ಎಂದರೆ ಮಾಯಕ್ಕನ ಜಾತ್ರೆ ನೆನಪಾಗುತ್ತದೆ. ಊರ ಸುತ್ತ ಕಬ್ಬು ಇದೆ. ನೀರು ಹತ್ತದ ಮಡ್ಡಿಯಲ್ಲಿ ಹುಲ್ಲು, ಮುಳ್ಳುಗಂಟಿ. ಅಲ್ಲಿ ಮೊಲ ಇರುತ್ತದೆ.

ಒಂದು ದಿನ ನಮ್ಮ ತರಗತಿಗೆ ಒಬ್ಬ ಅಕ್ಕ ತಡವಾಗಿ ಬಂದರು. ಹುಲ್ಲು ಕೊಯ್ಯಲು ಹೋಗಿದ್ದರು. ಸೆರಗಿನಲ್ಲಿ ಏನೋ ಇತ್ತು.

“ಅಕ್ಕೋರ, ನೋಡ್ರಿ. ಎರಡು ಮೊಲದ ಮರಿ. ತಾಯಿ ಬಿಟ್ಟು ಹೋಗೈತ್ರಿ. ಪಾಪ, ಸಾಕತೀನ್ರಿ” ಎಂದರು.

“ಬ್ಯಾಡ್ರಿ ಅಕ್ಕಾ. ಇದ್ದಲ್ಲೇ ಇಟ್ಟು ಬರೋಣ ನಡೀರಿ” ಎಂದೆ.

ನಾನು ಸಣ್ಣಾಕಿ ಇದ್ದಾಗ ಇಂಥದೇ ಮರಿ ತಂದಿದ್ದೆ. ಆಕಳ ಹಾಲು ಕುಡಿಸಿದೆ. ಮೂರನೇ ದಿನ ಸತ್ತಿತು.

ತಾಯಿ ಮರಿ ಬಿಟ್ಟು ಹೋಗಿರಲಿಲ್ಲ. ಪೇಟೆಯಲ್ಲಿ ಮಾರುವ ಬಿಳಿ ಮೊಲ ಬೇರೆ. ಆ ಜಾತಿ ಬಿಲ ತೋಡುತ್ತದೆ. ಅದರ ಮರಿ ಹುಟ್ಟುವಾಗ ಮೈಮೇಲೆ ಕೂದಲು ಇರುವುದಿಲ್ಲ. ಕಣ್ಣು ಮುಚ್ಚಿರುತ್ತವೆ. ನಮ್ಮ ಮಡ್ಡಿಯ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ತಗ್ಗಿನಲ್ಲಿ ಮಲಗುತ್ತದೆ. ಇದರ ಮರಿಗೆ ಹುಟ್ಟುತ್ತಲೇ ಕೂದಲು ಇರುತ್ತದೆ. ಕಣ್ಣೂ ತೆರೆದಿರುತ್ತವೆ. ಹಗಲೆಲ್ಲ ತಾಯಿ ದೂರ ಇರುತ್ತದೆ. ಹತ್ತಿರ ಇದ್ದರೆ ನರಿ, ನಾಯಿಗೆ ಮರಿಯ ಜಾಗ ತಿಳಿಯುತ್ತದೆ. ಕತ್ತಲಾದ ಮೇಲೆ ಬಂದು ಮೊಲೆ ಕುಡಿಸಿ ಹೋಗುತ್ತದೆ.

ಮರಿಗಳನ್ನು ಅದೇ ತಗ್ಗಿನಲ್ಲಿ ಇಟ್ಟೆವು. ದೂರ ಬದುವಿನ ಮೇಲೆ ಕುಳಿತೆವು. ಹೊತ್ತು ಮುಳುಗಿತು. ದೊಡ್ಡ ಮೊಲವೊಂದು ಬಂತು. ನಿಂತಿತು. ಕಿವಿ ಎತ್ತಿತು. ಮತ್ತೆ ಹುಲ್ಲಿನೊಳಗೆ ಹೋಯಿತು.

“ಬಂದಳ್ರಿ ತಾಯಿ!” ಅಕ್ಕ ಪಿಸುಗುಟ್ಟಿದರು. ಮೊಬೈಲಿನಲ್ಲಿ ಫೋಟೋ ತೆಗೆದರು.

ನೀವೂ ಮೊಲದ ಫೋಟೋ ತೆಗೆಯಬಹುದು. ಹೀಗೆ ಮಾಡಿರಿ:

1. ನಸುಕಿನಲ್ಲಿ ಇಲ್ಲವೆ ಸಂಜೆ ಹೋಗಿರಿ. ಹೊಸ ಹಿಕ್ಕೆ ಬಿದ್ದ ಜಾಗ ನೋಡಿರಿ.
2. ಗಾಳಿ ಮೊಲದ ಕಡೆಯಿಂದ ನಿಮ್ಮ ಕಡೆ ಬೀಸಬೇಕು. ಆಗ ಅದಕ್ಕೆ ನಿಮ್ಮ ವಾಸನೆ ಹತ್ತದು.
3. ಅಲುಗಾಡದೆ ಕುಳಿತುಕೊಳ್ಳಿರಿ. ಬೆನ್ನಟ್ಟಬೇಡಿರಿ. ನಾಯಿ ಒಯ್ಯಬೇಡಿರಿ.
4. ಮೊಬೈಲಿನ ದೀಪ ಹಚ್ಚಬೇಡಿರಿ.
5. ಮರಿ ಕಂಡರೆ ಮುಟ್ಟಬೇಡಿರಿ. ಹಿಂದೆ ಸರಿಯಿರಿ.

ಮೊಲದ ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುತ್ತದೆ. ಅದನ್ನು ಗುರುತಿಸಿರಿ.

ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಡುಮೊಲ ಹಿಡಿಯುವುದು, ಕೊಲ್ಲುವುದು ಅಪರಾಧ. ಮನೆಯಲ್ಲಿ ಹೇಳಿರಿ.

ಅಕ್ಕನ ಫೋಟೋದಲ್ಲಿ ಎರಡು ಕಿವಿ ಅಷ್ಟೇ ಕಂಡವು. ಅದನ್ನೇ ಅವರು ಎಲ್ಲರಿಗೂ ತೋರಿಸುತ್ತಾರೆ. ಕೆಳಗೆ ತಾವೇ ಬರೆದಿದ್ದಾರೆ: “ತಾಯಿ ಬಂದಳು.”

ಓದಿರಿ, ಬರೆಯಿರಿ: ಮಡ್ಡಿ, ತಗ್ಗು, ಹಿಕ್ಕೆ, ಮಚ್ಚೆ, ಕಾಯ್ದೆ.

ಉತ್ತರ ಹೇಳಿರಿ:
1. ತಾಯಿಮೊಲ ಹಗಲು ಮರಿಯಿಂದ ದೂರ ಇರುತ್ತದೆ. ಏಕೆ?
2. ಹುಲ್ಲು ಕೊಯ್ಯುವಾಗ ಮರಿ ಸಿಕ್ಕರೆ ನೀವು ಏನು ಮಾಡುವಿರಿ?