ಹದಿನಾಲ್ಕು ತಿಂಗಳು, ಮೂರು ನಿಮಿಷ

ನಮ್ಮ ಬಳಗ ಮೊದಲ ಸಲ ಸೇರಿದ್ದು 2015ರ ಏಪ್ರಿಲ್‌ನಲ್ಲಿ, ಹನುಮಂತನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಹಡಿ ಕೋಣೆಯಲ್ಲಿ. ಏಳು ಜನ, ಎರವಲು ತಂದ ಒಂದು ಪ್ರೊಜೆಕ್ಟರ್, ಗೋಡೆಗೆ ಕಟ್ಟಿದ ಬಿಳಿ ಪಂಚೆ. ಫ್ಯಾನ್ ಹಾಕಿದರೆ ಪಂಚೆ ಅಲುಗುತ್ತಿತ್ತು, ನಿಲ್ಲಿಸಿದರೆ ಸೆಕೆ. ಅವತ್ತು ತೋರಿಸಿದ ನಾಲ್ಕು ಅನಿಮೇಷನ್ ಕಿರುಚಿತ್ರಗಳ ಒಟ್ಟು ಉದ್ದ ಹನ್ನೊಂದು ನಿಮಿಷ; ಫ್ಯಾನಿನ ಚರ್ಚೆಯೇ ಅದಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಏಳು ಜನರೂ ಹಗಲೆಲ್ಲ ನಗರದ ಬೇರೆ ಬೇರೆ ಸ್ಟುಡಿಯೊಗಳಲ್ಲಿ ಕೂತು ಹೊರದೇಶದ ಸಿನಿಮಾಗಳಿಗೆ ದುಡಿಯುವವರು. ನಾಯಕನನ್ನು ಎತ್ತಿದ ತಂತಿಯನ್ನು ಫ್ರೇಮ್ ಫ್ರೇಮಾಗಿ ಅಳಿಸುವುದು, ಹಾರುವ ಕೂದಲಿನ ಅಂಚನ್ನು ಹಿನ್ನೆಲೆಯಿಂದ ಬಿಡಿಸುವುದು, ಇಂಥವು. ಸಿನಿಮಾ ಮುಗಿದು ಜನ ಪಾಪ್‌ಕಾರ್ನ್ ಡಬ್ಬ ಎತ್ತಿಕೊಂಡು ಹೊರಟ ಮೇಲೆ ನಮ್ಮ ಹೆಸರು ಪರದೆಗೆ ಬರುತ್ತದೆ, ಬಂದರೆ. ಸ್ವಂತ ಚಿತ್ರಕ್ಕೆ ನಮಗೆ ಉಳಿದಿದ್ದು ರಾತ್ರಿ.

2020ರಲ್ಲಿ ಲಾಕ್‌ಡೌನ್ ಬಂದಾಗ ಕೋಣೆ ಹೋಯಿತು, ಬಳಗ ಉಳಿಯಿತು. ಈಗ ಪ್ರತಿ ತಿಂಗಳ ಕೊನೆಯ ಶನಿವಾರ ರಾತ್ರಿ ಒಂಬತ್ತಕ್ಕೆ ಎಲ್ಲರೂ ಅವರವರ ಮನೆಯಿಂದಲೇ ವಿಡಿಯೊ ಕರೆಗೆ ಬರುತ್ತಾರೆ. ಶಿರಸಿ, ಧಾರವಾಡ, ದಾವಣಗೆರೆ, ಮಂಗಳೂರು. ಮ್ಯೂನಿಕ್‌ನಲ್ಲಿರುವ ನಮ್ಮ ಮೈಸೂರಿನ ಹುಡುಗನೊಬ್ಬ ಆಫೀಸಿನಿಂದ ಓಡೋಡಿ ಬಂದು ಜಾಕೆಟ್‌ನಲ್ಲೇ ಕೂರುತ್ತಾನೆ. ಅರವತ್ತು ಚಿಲ್ಲರೆ ಜನ ಇದ್ದೇವೆ.

ಇಷ್ಟು ವರ್ಷ ನಡೆಸಿದ ಮೇಲೆ ನನಗೆ ಅರ್ಥವಾಗಿರುವುದು ಒಂದು ಲೆಕ್ಕ, ಅಷ್ಟೆ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ. ಮೂರು ನಿಮಿಷಕ್ಕೆ 2,160. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ, ಊಟ ಮಾಡಿ ಕೂತವನು ರಾತ್ರಿಗೆ ಎಂಟು ಚಿತ್ರ ಬರೆದರೆ ಅದೇ ದೊಡ್ಡದು. ಅಲ್ಲಿಗೆ ಒಂಬತ್ತು ತಿಂಗಳು. ಬಣ್ಣ, ಹಿನ್ನೆಲೆ, ಶಬ್ದ, ಮಧ್ಯೆ ಬರುವ ಮದುವೆ ಮುಂಜಿ ಜ್ವರ ಎಲ್ಲ ಸೇರಿಸಿದರೆ ಹದಿನಾಲ್ಕು. ನೋಡುವವನಿಗೆ ಬೇಕಾದ್ದು ಮೂರೇ ನಿಮಿಷ, ಅಷ್ಟರಲ್ಲಿ ಅವನ ಕಾಫಿಯೂ ಮುಗಿದಿರುತ್ತದೆ. ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ ನೋಡಿ. ಒಂಟಿ ಮುದುಕಿ, ಅವಳ ಬೆಕ್ಕು, ಬೆಂಕಿಪೊಟ್ಟಣದ ಲೇಬಲ್‌ಗಳು. 2006ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ಗೆ ಹೋಗಿ ಪ್ರಶಸ್ತಿ ತಂದ ಚಿತ್ರ. ಹದಿನೈದು ನಿಮಿಷದ್ದು, ಅದಕ್ಕೆ ಅವರು ಸುರಿದದ್ದು ಮೂರು ವರ್ಷ. ನಮ್ಮ ಬಳಗದಲ್ಲಿ ನಡೆದ ಜಗಳ, ಮುನಿಸು, ಹೇಳದೆ ಬಿಟ್ಟುಹೋದದ್ದು, ಯಾವುದರ ಬುಡ ಕೆದಕಿದರೂ ಈ ಲೆಕ್ಕವೇ ಸಿಗುತ್ತದೆ. ಹದಿನಾಲ್ಕು ತಿಂಗಳು ಕೊಟ್ಟವರ ಎದುರು ಮೂರು ನಿಮಿಷ ಕೊಟ್ಟವರು ಕೂತಿರುತ್ತಾರೆ. ನಡುವೆ ನಾನು.

ಶುರುವಿನ ಎರಡು ವರ್ಷ ಎಲ್ಲ ಚಿತ್ರಕ್ಕೂ ಒಂದೇ ವಿಮರ್ಶೆ: ‘ಸೂಪರ್ ಗುರು’. ತುಂಬಾ ಮೆಚ್ಚಿಗೆಯಾದರೆ ‘ಚಿಂದಿ’. ಹದಿನಾಲ್ಕು ತಿಂಗಳಿಗೆ ಒಂದು ‘ಚಿಂದಿ’ ಪಡೆದವನ ಮುಖ ಹೇಗಿರುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಇದು ಸಾಲದು ಅನ್ನಿಸಿ, ‘ಇನ್ಮೇಲೆ ಯಾರೂ ಮುಲಾಜು ನೋಡಬೇಡಿ’ ಎಂದು ಫರ್ಮಾನು ಹೊರಡಿಸಿದೆ. ದೊಡ್ಡ ತಪ್ಪು. ಧಾರವಾಡದ ಹುಡುಗಿಯೊಬ್ಬಳು ಆ ವಾರ ತನ್ನ ಮೊದಲ ಚಿತ್ರ ತಂದಿದ್ದಳು. ಒಂದು ನಿಮಿಷ ಐವತ್ತು ಸೆಕೆಂಡಿನದು, ಕಾಗದದ ಮೇಲೆ ಜಲವರ್ಣ. ಕೊನೆಯ ಬಸ್ಸು ಹೋದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಉಳಿದ ಒಂದು ನಾಯಿ, ಒಬ್ಬ ಕಡ್ಲೆಕಾಯಿ ಮಾರುವವ. ಬಣ್ಣ ಫ್ರೇಮಿನಿಂದ ಫ್ರೇಮಿಗೆ ಸ್ವಲ್ಪ ಸ್ವಲ್ಪ ಬೇರೆಯಾಗಿ ರಾತ್ರಿಯೇ ಉಸಿರಾಡಿದಂತೆ ಕಾಣುತ್ತಿತ್ತು. ಮುಗಿದ ಕೂಡಲೇ ನಮ್ಮಲ್ಲಿನ ಸೀನಿಯರ್ ಒಬ್ಬರು, ‘ಇದು ಸ್ಟೂಡೆಂಟ್ ಕೆಲಸ ಕಣಮ್ಮ. ಬಣ್ಣ ಫ್ಲಿಕರ್ ಆಗ್ತಿದೆ, ಲೈಟಿಂಗೇ ಇಲ್ಲ’ ಅಂದರು. ಇನ್ನೂ ಮೂರು ಚಿತ್ರ ಬಾಕಿ ಇದ್ದವು. ನಾನು ಗಡಿಯಾರ ನೋಡಿದೆ, ‘ನೆಕ್ಸ್ಟ್’ ಅಂದೆ.

ಮತ್ತೆ ಅವಳು ಬರಲಿಲ್ಲ. ವರ್ಷದ ಮೇಲೆ ಒಂದು ಕಡೆ ತೋರಿಸೋಣ ಎಂದು ಫೋನ್ ಮಾಡಿ ಚಿತ್ರ ಕೇಳಿದರೆ, ‘ಅದನ್ನ ಅಳಿಸೇಬಿಟ್ಟೆನ್ರಿ, ಸರ’ ಅಂದಳು. ಕಾಗದಗಳು? ಅವೂ ಇರಲಿಲ್ಲ.

ಅಕ್ಟೋಬರ್ 28ನ್ನು ಜಗತ್ತಿನ ಅನಿಮೇಟರ್‌ಗಳೆಲ್ಲ ಹಬ್ಬವಾಗಿ ಆಚರಿಸುತ್ತಾರೆ, ನಾವೂ ಆಚರಿಸುತ್ತೇವೆ. 1892ರ ಆ ದಿನ ಪ್ಯಾರಿಸ್ಸಿನಲ್ಲಿ ಎಮಿಲ್ ರೆನೊ ಎಂಬಾತ ಕೈಯಲ್ಲಿ ಬರೆದ ಚಿತ್ರದ ಪಟ್ಟಿಗಳನ್ನು ಕನ್ನಡಿಗಳ ಯಂತ್ರದಲ್ಲಿ ಓಡಿಸಿ ಮೊದಲ ಸಲ ಸಾರ್ವಜನಿಕರಿಗೆ ತೋರಿಸಿದ. ಲೂಮಿಯೇರ್ ಸಹೋದರರ ಸಿನಿಮಾಕ್ಕಿಂತ ಮೂರು ವರ್ಷ ಮೊದಲು. ಸಿನಿಮಾ ಬಂದ ಮೇಲೆ ಅವನ ಆಟಕ್ಕೆ ಜನವಿಲ್ಲದಂತಾಯಿತು. ಕೊನೆಗಾಲದಲ್ಲಿ ಮನಸ್ಸು ಮುರಿದು ತನ್ನ ಬಹುಪಾಲು ಪಟ್ಟಿಗಳನ್ನು ತಾನೇ ಸೇನ್ ನದಿಗೆ ಎಸೆದ. ಪ್ರತಿ ವರ್ಷ ಹಬ್ಬದ ದಿನ ಈ ಕತೆಯನ್ನು ಯಾರಾದರೂ ಹೊಸಬರಿಗೆ ಹೇಳುತ್ತಾರೆ. ನನಗೆ ಆಗೆಲ್ಲ ಧಾರವಾಡದ ಆ ನಾಯಿ ನೆನಪಾಗುತ್ತದೆ.

ಆ ಹುಡುಗಿ ಬಿಟ್ಟುಹೋದ ಮೇಲೆ ಎರಡು ಕಟ್ಟಳೆ ಮಾಡಿದೆವು. ಚಿತ್ರವನ್ನು ಎರಡು ಸಲ ನೋಡಬೇಕು, ನಡುವೆ ಬಾಯಿ ಬಿಡಬಾರದು. ಆಮೇಲೆ ಏನು ಅನ್ನಿಸಿತು ಎನ್ನುವುದಕ್ಕಿಂತ ಮೊದಲು ಏನು ಕಂಡಿತು ಎಂದು ಹೇಳಬೇಕು. ಕೇಳಲು ಪ್ರೈಮರಿ ಶಾಲೆಯ ಪಾಠದಂತಿದೆ. ಆದರೆ ‘ಸೂಪರ್’ ಅನ್ನುವುದಕ್ಕೆ ಚಿತ್ರ ನೋಡಬೇಕಾಗಿಲ್ಲ. ‘ಮುದುಕ ಎದ್ದಾಗ ಕೊಡೆ ಅಲ್ಲೇ ಉಳೀತು’ ಅನ್ನುವುದಕ್ಕೆ ನೋಡಲೇಬೇಕು. ಎರಡನೇ ಸಲ ನೋಡುವಾಗ ಕಣ್ಣು ಕತೆಯನ್ನು ಬಿಟ್ಟು ಕೈಗಳ ಕಡೆ, ಮೂಲೆಗಳ ಕಡೆ ಹೋಗುತ್ತದೆ. ಬರೆದವರು ರಾತ್ರಿಗಳನ್ನು ಕಳೆದಿರುವುದು ಆ ಮೂಲೆಗಳಲ್ಲೇ.

ನಮಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಬಂದದ್ದು ಬಳಗದ ಸದಸ್ಯರಿಂದ ಅಲ್ಲ. ದಾವಣಗೆರೆಯ ಹುಡುಗನೊಬ್ಬ ತಾನು ಪಿಜಿಯಲ್ಲಿದ್ದ ಮನೆಯ ಮಂಗಳೂರಿನ ಅಜ್ಜಿಯ ಬಗ್ಗೆ ಚಿತ್ರ ಮಾಡುತ್ತಿದ್ದ. ಅಜ್ಜಿ ಬೆಳಿಗ್ಗೆ ನೀರುದೋಸೆ ಹೊಯ್ಯುವುದು ಅದರ ಜೀವಾಳದ ದೃಶ್ಯ. ಪೆನ್ಸಿಲ್ ಟೆಸ್ಟ್, ಅಂದರೆ ಬಣ್ಣಕ್ಕೆ ಮುಂಚಿನ ಕರಡು, ತೋರಿಸಿದ. ಕೈ ಅದ್ಭುತವಾಗಿ ತಿರುಗುತ್ತಿತ್ತು: ಸೌಟು ಕಾವಲಿಯ ನಡುವೆ ಇಳಿದು, ಒಳಗಿನಿಂದ ಹೊರಗೆ ಸುತ್ತು ಸುತ್ತಾಗಿ ಹಿಟ್ಟನ್ನು ಸವರುತ್ತ ಹೋಗುತ್ತಿತ್ತು. ನಾವೆಲ್ಲ ಮಣಿಕಟ್ಟಿನ ಚಲನೆ, ಹಿಟ್ಟಿನ ತೂಕ ಎಂದು ಕಂಡದ್ದನ್ನು ಹೇಳಿದೆವು. ಆಗ ಮಂಗಳೂರಿನ ಸದಸ್ಯೆಯ ಕಿಟಕಿಯಲ್ಲಿ, ಅವಳ ಹೆಗಲ ಹಿಂದಿನಿಂದ ಒಂದು ದನಿ ಬಂತು. ಅವಳ ಅಮ್ಮ, ಕೈಯಲ್ಲಿ ಬಟ್ಟೆ ಮಡಚುತ್ತ ನಿಂತಿದ್ದರು.

‘ಇದೆಂಥದು ಮಾರಾಯ? ನೀರುದೋಸೆಗೆ ಯಾರಾದ್ರೂ ಹೀಗೆ ತಿರುಗಿಸ್ತಾರಾ? ಹೊರಗಿನಿಂದ ಸುತ್ತ ಹೊಯ್ದು ಮಧ್ಯಕ್ಕೆ ಬರ್ಬೇಕು. ಸೌಟು ಕಾವಲಿಗೆ ತಾಗ್ಲಿಕ್ಕೇ ಇಲ್ಲ.’

ಹುಡುಗ ಬರೆದದ್ದು ತನ್ನೂರಿನ ಬೆಣ್ಣೆದೋಸೆಯ ಕೈ! ಅಜ್ಜಿಯ ಮನೆಯಲ್ಲಿ ಎರಡು ವರ್ಷ ನೀರುದೋಸೆ ತಿಂದಿದ್ದ, ಹೊಯ್ಯುವುದನ್ನು ದಿನಾ ನೋಡಿದ್ದ, ಆದರೆ ಪೆನ್ಸಿಲ್ ಹಿಡಿದಾಗ ಚಿಕ್ಕಂದಿನಲ್ಲಿ ಕಂಡ ಕೈಯೇ ಬಂದಿತ್ತು. ನಲವತ್ತು ಚಿತ್ರಗಳನ್ನು ಹರಿದು ಮತ್ತೆ ಬರೆದ. ಅಮ್ಮನನ್ನು ಆವತ್ತೇ ಸದಸ್ಯರನ್ನಾಗಿ ಮಾಡಿಕೊಂಡೆವು. ಮಗಳಿಗೆ ಇದು ಇವತ್ತಿಗೂ ಅಷ್ಟಾಗಿ ಸೇರಿಲ್ಲ.

ನನ್ನದೇ ಇನ್ನೊಂದು ಎಡವಟ್ಟು ಹೇಳಬೇಕು. 2018ರ ಅಕ್ಟೋಬರ್ ಹಬ್ಬಕ್ಕೆ ಹುರುಪಿನಲ್ಲಿ ಆ ವರ್ಷದ ಚಿತ್ರಗಳನ್ನೆಲ್ಲ ಜೋಡಿಸಿ, ಯಾರು ಬೇಕಾದರೂ ನೋಡಲಿ ಎಂದು ಯೂಟ್ಯೂಬಿಗೆ ಹಾಕಿಬಿಟ್ಟೆ. ಒಬ್ಬೊಬ್ಬರನ್ನೂ ಕೇಳಲಿಲ್ಲ, ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಮಾರನೇ ದಿನ ಒಬ್ಬ ಫೋನ್ ಮಾಡಿ ಮೆಲ್ಲಗೆ, ‘ಅಣ್ಣಾ, ನಂದೊಂದು ತೆಗೀಬೋದಾ?’ ಅಂದ. ಅವನು ಚಿತ್ರವನ್ನು ಕಳಿಸಲಿದ್ದ ಉತ್ಸವದ ಅರ್ಜಿಯಲ್ಲಿ, ಇದು ಹಿಂದೆ ಸಾರ್ವಜನಿಕವಾಗಿ ಇಂಟರ್ನೆಟ್ಟಿಗೆ ಬಂದಿದೆಯೇ ಎಂಬ ಪ್ರಶ್ನೆ ಇತ್ತು. ಕೆಲವು ಉತ್ಸವಗಳಿಗೆ ಇದೇನೂ ಅಡ್ಡಿಯಲ್ಲ, ಕೆಲವಕ್ಕೆ ಬಂದಿದೆ ಎಂದರೆ ಮುಗಿಯಿತು. ತಕ್ಷಣ ತೆಗೆದೆ. ಸುಳ್ಳು ಬರೆಯುವ ಜಾಯಮಾನದ ಹುಡುಗನಾಗಿರಲಿಲ್ಲ. ‘ಹೌದು’ ಎಂದು ಬರೆದು ಆ ಅವಕಾಶ ಬಿಟ್ಟುಕೊಟ್ಟ. ನನ್ನನ್ನು ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ. ಈಗ ಒಂದೇ ಪುಟದ ಕಾಗದವಿದೆ: ಈ ಚಿತ್ರವನ್ನು ಯಾರಿಗೆ, ಎಲ್ಲಿ, ಎಷ್ಟು ಸಲ ತೋರಿಸಬಹುದು. ಚಿತ್ರ ಮಾಡಿದವರೇ ತುಂಬುತ್ತಾರೆ. ಖಾಲಿ ಬಿಟ್ಟರೆ ಎಲ್ಲಿಯೂ ಇಲ್ಲ ಎಂದೇ ಅರ್ಥ.

ಹಾಡಿನದೂ ಇದೇ ಕತೆ. ಹಳೇ ಕನ್ನಡ ಹಾಡಿನ ಇಪ್ಪತ್ತು ಸೆಕೆಂಡ್ ಹಾಕಿ ಚಿತ್ರ ಮಾಡಿದವನು ಹಕ್ಕಿಲ್ಲದೆ ಅದನ್ನು ಎಲ್ಲಿಗೂ ಕಳಿಸಲಾಗದೆ ಇಟ್ಟುಕೊಂಡಿದ್ದಾನೆ. ಶಿರಸಿಯ ಗೆಳೆಯನೊಬ್ಬ ಅದನ್ನು ಕಂಡು ರೆಕಾರ್ಡರ್ ಕೊಂಡ. ಅಡಿಕೆ ಸುಲಿಯುವುದು, ಹಂಚಿನ ಮೇಲಿನ ಮಳೆ, ಹಿತ್ತಿಲ ಬಾಗಿಲಿನ ಅಗಳಿ, ಹೀಗೆ ಆತ ಕೂಡಿಟ್ಟ ಶಬ್ದಗಳು ಈಗ ಬಳಗದ ಆಸ್ತಿ. ಅಗಳಿಯನ್ನಂತೂ ನಾಲ್ಕು ಚಿತ್ರಗಳಲ್ಲಿ ಕೇಳಿದ್ದೇನೆ.

ಸ್ಪರ್ಧೆ ಇಟ್ಟೆವು, ಒಂದೇ ವರ್ಷಕ್ಕೆ ಕೈಬಿಟ್ಟೆವು. ಪ್ರಾಯೋಜಕರು ಬಂದರು, ಬಹುಮಾನಕ್ಕೆ ಬದಲಾಗಿ ಚಿತ್ರಗಳ ಹಕ್ಕೇ ತಮಗೆ ಬೇಕು ಅಂದಾಗ ಕಾಫಿ ಕುಡಿಸಿ ಕಳಿಸಿದೆವು. ಸರ್ಕಾರದ ಕಡೆ ನೋಡಿದರೆ, ಅನಿಮೇಷನ್‌ಗೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2012ರಲ್ಲಿ. ಉದ್ಯಮ ಬೆಳೆಯಬೇಕು, ನಮ್ಮೆಲ್ಲರ ಬಾಡಿಗೆ ಕಟ್ಟುವುದು ಅದೇ. ಆದರೆ ರಾತ್ರಿ ಎಂಟು ಚಿತ್ರ ಬರೆಯುವವನನ್ನು ಯಾವ ಕಾಲಂನಲ್ಲಿ ಸೇರಿಸುವುದು ಎಂದು ಯಾರಿಗೂ ತೋಚಿದಂತಿಲ್ಲ.

2025ರ ಮಾರ್ಚ್ 3ರ ಬೆಳಿಗ್ಗೆ ನನ್ನ ಫೋನ್ ಎಡೆಬಿಡದೆ ಬಡಿದುಕೊಂಡಿತು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋದಿಸ್ ಅವರ ‘ಫ್ಲೋ’ ಆಸ್ಕರ್ ಗೆದ್ದಿತ್ತು. ನಾವು ಬಳಸುವ ಅದೇ ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ ಚಿತ್ರ. ಬ್ಲೆಂಡರ್ ಎಲ್ಲರ ಸ್ವತ್ತಾದದ್ದು 2002ರಲ್ಲಿ, ಬಳಸುವವರೇ ಏಳು ವಾರದಲ್ಲಿ ಒಂದು ಲಕ್ಷ ಯೂರೊ ಚಂದಾ ಎತ್ತಿ ಅದನ್ನು ಬಿಡಿಸಿಕೊಂಡಾಗ. ಆಸ್ಕರ್ ಬಂದ ಆ ರಾತ್ರಿ ಬಳಗದಲ್ಲಿ ದೀಪಾವಳಿ. ಒಬ್ಬ ಮಾತ್ರ ಗೊಣಗಿದ: ‘ಇನ್ನು ಸಾಫ್ಟ್‌ವೇರ್ ಇಲ್ಲ ಅಂತ ನೆಪ ಹೇಳೋ ಹಾಗಿಲ್ಲ.’

ಈಚಿನ ತಂಟೆ ಎಐ. ಒಂದು ಶನಿವಾರ ಒಬ್ಬ ನಾಲ್ಕು ನಿಮಿಷದ ಚಿತ್ರ ತೋರಿಸಿದ. ಎರಡು ಸಲ ನೋಡಿದೆವು, ಮಳೆಯ ದೃಶ್ಯವನ್ನು ಒಬ್ಬರು ಹತ್ತು ನಿಮಿಷ ಹೊಗಳಿದರು. ಕೊನೆಗೆ ಅವನೇ, ‘ಎರಡು ಮಧ್ಯಾಹ್ನದಲ್ಲಿ ಮಾಡಿದ್ದು, ಬರೆದದ್ದು ಒಂದೂ ಇಲ್ಲ’ ಅಂದ. ಕರೆಯಲ್ಲಿ ಮೌನ. ಹೊಗಳಿದವರು ಕ್ಯಾಮೆರಾ ಆರಿಸಿದರು. ಜಗಳ ಮೂರು ವಾರ ನಡೆಯಿತು. ನಾನು ಅವನನ್ನು ಹೊರಗೆ ಹಾಕಲಿಲ್ಲ. ಹಾಕಬೇಕಿತ್ತು ಎನ್ನುವವರು ಇವತ್ತಿಗೂ ಇದ್ದಾರೆ. ಹೇಗೆ ಮಾಡಿದ್ದು ಎಂದು ಮೊದಲೇ ಹೇಳಬೇಕು ಎಂಬಷ್ಟಕ್ಕೆ ರಾಜಿಯಾಯಿತು. ಆ ಚಿತ್ರ ಕೆಟ್ಟದಾಗಿರಲಿಲ್ಲ. ಎರಡನೇ ಸಲ ನೋಡುವಾಗ ಮೂಲೆಗಳಲ್ಲಿ ಯಾರೂ ಕೂತಿರಲಿಲ್ಲ, ನನಗೆ ಇಷ್ಟೇ ಹೇಳಲು ತಿಳಿಯುವುದು.

ಇದೆಲ್ಲದರ ನಡುವೆ ನಾನು ಒಂದು ಚಿತ್ರವನ್ನೂ ಮಾಡಿರಲಿಲ್ಲ. ಕರೆಗೆ ಕೊಂಡಿ ಕಳಿಸುವುದು, ಮುನಿದವರನ್ನು ರಮಿಸುವುದು, ಬಾರದ ಫೈಲಿಗೆ ಕಾಯುವುದು. ನನ್ನ ರಾತ್ರಿಗಳು ಬೇರೆಯವರ ಲೆಕ್ಕಕ್ಕೆ ಜಮೆಯಾಗಿದ್ದವು. ಹೋದ ವರ್ಷ ಕೊಂಡಿಯ ಕೆಲಸವನ್ನು ಮೂವರಿಗೆ ಹಂಚಿ, ತಿಪಟೂರಿನಲ್ಲಿ ಟೈಲರ್ ಆಗಿದ್ದ ನಮ್ಮ ತಂದೆಯ ಬಗ್ಗೆ ಒಂದು ನಿಮಿಷ ಹತ್ತು ಸೆಕೆಂಡಿನಷ್ಟು ಬರೆದೆ. ಕಳೆದ ತಿಂಗಳು ಹೆದರುತ್ತಲೇ ತೋರಿಸಿದೆ. ಎರಡು ಸಲ ಓಡಿತು. ಮಶೀನಿನ ಪೆಡಲ್ ತುಳಿಯುವ ಕಾಲು ಕಂಡಿತು, ಬಾಯಲ್ಲಿ ಕಚ್ಚಿದ ಗುಂಡುಸೂಜಿ ಕಂಡಿತು ಅಂದರು. ಆಮೇಲೆ ಮಂಗಳೂರಿನ ಅಮ್ಮ ಕೇಳಿದರು:

‘ಅಲ್ಲ, ಪೆನ್ಸಿಲು ಮೊದಲು ಬಲಗಿವಿಯಲ್ಲಿ ಉಂಟು. ಅಳತೆ ತಗೊಳ್ಳುವಾಗ ಎಡಗಿವಿಗೆ ಬಂತಲ್ಲ? ನಿಮ್ಮ ತಂದೆಯವರು ಯಾವ ಕಿವಿಗೆ ಇಡ್ತಿದ್ದದ್ದು?’

ಕೆಲಸ ಉಳಿಸಲೆಂದು ಆ ದೃಶ್ಯದಲ್ಲಿ ಹಳೇ ಚಿತ್ರಗಳನ್ನೇ ಕನ್ನಡಿಯಂತೆ ತಿರುಗಿಸಿ ಹಾಕಿದ್ದೆ. ಅದನ್ನು ಒಪ್ಪಿಕೊಂಡೆ. ಪ್ರಶ್ನೆಗೆ ಉತ್ತರ ಮಾತ್ರ ನನ್ನಲ್ಲಿರಲಿಲ್ಲ. ಹನ್ನೊಂದು ಗಂಟೆ ದಾಟಿತ್ತು, ಆದರೂ ಅಕ್ಕನಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಲಗಿವಿ ಅನ್ಸತ್ತೆ ಕಣೋ... ಇರು, ಆಲ್ಬಮ್ಮು ಅಟ್ಟದ ಮೇಲಿದೆ. ಭಾನುವಾರ ನಿಮ್ಮ ಭಾವನ ಕೈಲಿ ಇಳಿಸಿ ನೋಡ್ತೀನಿ’ ಅಂದಳು.