ರೇಟು ಏರಿದ್ದು ನಾವು ಮಾರಿದ ಮೇಲೆ

2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ಕೇಂದ್ರದ ಬೆಂಬಲ ಬೆಲೆ ಆ ವರ್ಷ 11,750 ರೂಪಾಯಿ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಮದುವೆ, ಫೀಸು, ಆಪರೇಷನ್ ಎಲ್ಲ ಕೊಬ್ಬರಿ ದುಡ್ಡಿನ ಮೇಲೇ ನಿಂತಿರುತ್ತವೆ. ನಮ್ಮ ಮನೆಯೂ ಹಾಗೇ. ಮಗಳು ನರ್ಸಿಂಗ್ ಓದುತ್ತಿದ್ದಳು, ಯಜಮಾನರು ಬೆನ್ನು ನೋವಿನಿಂದ ಹಾಸಿಗೆ ಹಿಡಿದಿದ್ದರು, ಅಟ್ಟದ ತುಂಬ ಕಾಯಿ.

ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಸುತ್ತಲೂ ಹದವಾಗಿ ತಟ್ಟಿ ಚಿಪ್ಪು ಬಿಡಿಸಬೇಕು. ಪೆಟ್ಟು ಒಂದಿಷ್ಟು ಜೋರಾದರೂ ಉಂಡೆ ಹೋಳಾಗಿ ಬೆಲೆ ಬೀಳುತ್ತದೆ. ಇಷ್ಟೆಲ್ಲ ಕಾಯುವವರಿಗೆ ತಾಳ್ಮೆಯ ಪಾಠ ಹೊಸದೇನಲ್ಲ. ಆದರೆ ಕಾಯಿ ಕೊಬ್ಬರಿಯಾಗುವ ಕಾಲ ನಮಗೆ ಗೊತ್ತು, ರೇಟು ಏರುವ ಕಾಲ ಗೊತ್ತಿಲ್ಲ. ಕೊನೆ ಕಾಣದೆ ಕಾಯುವುದೇ ಬೇರೆ.

ಬೆಳಗಿನ ಪ್ರಾರ್ಥನೆಯಲ್ಲಿ ನಾನು ‘ಕರ್ತನೇ, ರೇಟು ಏರಲಿ’ ಎಂದೇ ಕೇಳುತ್ತಿದ್ದೆ. ದೇವರ ಮುಂದೆ ದುಡ್ಡಿನ ಮಾತು ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೀರ್ತನೆಗಳ ಪುಸ್ತಕದಲ್ಲಿ ದೂರು, ಅಳು, ಜಗಳ ಎಲ್ಲ ಇವೆ. ಬೇರೆಯವರ ಮುಂದೆ ಆಡಲಾಗದ ಮಾತನ್ನು ದೇವರ ಮುಂದೆ ಆಡದಿದ್ದರೆ ಇನ್ನೆಲ್ಲಿ ಆಡುವುದು?

2024ಕ್ಕೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಮೇಲೆ 1,500 ಸೇರಿಸಿತು. ಖರೀದಿಗೆ ಮೊದಲು ಆದ ನೋಂದಣಿ ರದ್ದಾಗಿ, ಎಲ್ಲರೂ ಮತ್ತೆ ಹೆಸರು ಬರೆಸಬೇಕಾಯಿತು. ಯಜಮಾನರು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ, ಪಹಣಿ ಆಧಾರ್ ಹಿಡಿದು ಸಾಲಿನಲ್ಲಿ ನಾನೇ ನಿಂತೆ. ರೈತರ ಧರಣಿಗೂ ಹೋದೆ. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, ‘ಪ್ರಾರ್ಥನೆ ಮಾಡೋರಿಗೆ ಧರಣಿ ಯಾಕಮ್ಮ? ತಾಳ್ಮೆಯಿಂದ ಕಾಯಿ’ ಅಂದರು. ಪ್ರೀತಿಯಿಂದಲೇ ಅಂದದ್ದು. ಮನೆಗೆ ಬಂದು ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ತೆಗೆದೆ. ಮಳೆಗಾಗಿ ಕಾಯುವ ಬೇಸಾಯಗಾರನ ಹಾಗೆ ತಾಳಿಕೊಂಡಿರಿ ಎನ್ನುವ ಮಾತು ಇರುವುದು ಅಲ್ಲೇ. ಆದರೆ ಅದಕ್ಕೆ ಮೂರು ವಚನ ಹಿಂದೆ, ಕೊಯ್ಲು ಮಾಡಿದವರ ಕೂಲಿ ಹಿಡಿದಿಟ್ಟುಕೊಂಡವರನ್ನು ಅದೇ ಯಾಕೋಬ ಗದರುತ್ತಾನೆ, ಆ ಕೂಲಿಗಾರರ ಕೂಗು ದೇವರ ಕಿವಿಗೆ ಮುಟ್ಟಿದೆ ಅನ್ನುತ್ತಾನೆ. ಕೂಗುವುದೂ ತಾಳಿಕೊಳ್ಳುವುದೂ ಒಂದೇ ಅಧ್ಯಾಯದಲ್ಲಿವೆ. ಮುಂದಿನ ಧರಣಿಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಅಳುಕಿರಲಿಲ್ಲ.

ಆದರೂ ಫೀಸಿನ ಗಡುವು ನಮ್ಮ ಸರದಿಗೆ ಕಾಯಲಿಲ್ಲ. ಬಹುಪಾಲು ಕೊಬ್ಬರಿಯನ್ನು ಸಿಕ್ಕಿದ ರೇಟಿಗೆ ಕೊಟ್ಟೆವು. 2025ರಲ್ಲಿ ಅದೇ ತಿಪಟೂರಿನಲ್ಲಿ ಕ್ವಿಂಟಲ್ 25,000 ದಾಟಿತು. ಆಗ ನಮ್ಮ ಅಟ್ಟದಲ್ಲಿ ಕಾಯಿ ಕಮ್ಮಿ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತವಾಗಿದ್ದವು, ತೆಂಗಿಗೆ ಬರದ ಪೆಟ್ಟು ಕಾಣಿಸುವುದು ವರ್ಷ ಎರಡು ವರ್ಷ ತಡವಾಗಿ. ಪಕ್ಕದ ತೋಟದಾಕೆ, ‘ಅಕ್ಕಾ, ಅಂತೂ ನಿಮ್ಮ ದೇವರು ಕಣ್ಣು ಬಿಟ್ಟ’ ಅಂದಳು. ಹೌದೆನ್ನಲು ಬಾಯಿ ಬರಲಿಲ್ಲ. ರೇಟು ಏರಿದ್ದು ದೇವರ ಕೃಪೆ ಎಂದು ಸಾಕ್ಷಿ ಹೇಳಿದರೆ, ಇಳಿದಾಗ ಮಾರಿದ ಬಡವರಿಗೆ ಕೃಪೆ ಇರಲಿಲ್ಲವೆಂದು ಹೇಳಿದಂತಾಗುತ್ತದೆ. ಹಬಕ್ಕೂಕ ಪ್ರವಾದಿ ಅಂಜೂರ ಚಿಗುರದೆ, ಕೊಟ್ಟಿಗೆ ಬರಿದಾಗಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನಲ್ಲ, ಅವನು ಬೆಳೆಯ ಲೆಕ್ಕ ನೋಡಿ ನಂಬಿದವನಲ್ಲ.

ಫಲ ಕಾಣದೆಯೂ ದುಡಿದವರು ನಮ್ಮ ಕಡೆಯೂ ಇದ್ದರು. ನಮ್ಮ ಪಕ್ಕದ ಗುಬ್ಬಿಗೆ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಯುವಕ ವೆಸ್ಲಿಯನ್ ಮಿಷನ್ನಿನಿಂದ ಬಂದಿದ್ದ. ಆರೋಗ್ಯ ಕೆಟ್ಟು 1841ರಲ್ಲೇ ವಾಪಸು ಹೋಗಬೇಕಾಯಿತು. ವಾಪಸು ಹೋಗುವ ಹಡಗಿನಲ್ಲಿ ಕೂತಾಗ ತನ್ನ ಕೆಲಸದ ಫಲ ಏನೆಂದು ಆತನಿಗೆ ಕಾಣುವ ಹಾಗಿರಲಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ ಆದಾಗ ಆ ಮಿಷನ್ನಿನ ಸಭೆಗಳೂ ಅದರಲ್ಲಿ ಸೇರಿದವು. ನಮ್ಮಂಥವರು ಇಂದು ಕನ್ನಡದಲ್ಲಿ ಆರಾಧಿಸುವುದರ ಹಿಂದೆ ಅಂಥ ಎಷ್ಟೋ ಜನರ ಅರ್ಧಕ್ಕೆ ನಿಂತ ಕೆಲಸವಿದೆ.

ಕೃತಜ್ಞತಾ ಆರಾಧನೆಯಲ್ಲಿ ನನ್ನ ಸರದಿ ಬಂದಾಗ ಇದ್ದದ್ದನ್ನೇ ಹೇಳಿದೆ: ರೇಟು ನಮಗೆ ಸಿಗಲಿಲ್ಲ, ಆಗ ಅಡವಿಟ್ಟ ನನ್ನ ಬಳೆಯನ್ನು ಇನ್ನೂ ಬಿಡಿಸಿಕೊಂಡಿಲ್ಲ, ಆದರೆ ಆ ಎರಡು ವರ್ಷ ದೇವರು ನಮ್ಮ ಕೈ ಬಿಟ್ಟನೆಂದು ನನಗೆ ಅನ್ನಿಸಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಪಕ್ಕಕ್ಕೆ ಕರೆದು, ಬಡ್ಡಿ ಎಷ್ಟು ಕಟ್ಟುತ್ತಿದ್ದೀಯ ಎಂದು ಕೇಳಿದರು. ತಮ್ಮ ಮೊಮ್ಮಗನ ಸಾಲದ ವಿಷಯವನ್ನೂ ಹೇಳಿಕೊಂಡರು. ಈಗ ನಮ್ಮ ಹೆಂಗಸರ ಕೂಟದಲ್ಲಿ ಪ್ರಾರ್ಥನಾ ವಿಷಯ ಕೇಳುವಾಗ ಸಾಲದ ಮಾತೂ ಬರುತ್ತದೆ. ಕಂತು ಕಟ್ಟಲಾಗದವರಿಗೆ ಉಳಿದವರು ಕೈಲಾದಷ್ಟು ಹಾಕುತ್ತೇವೆ, ಕೊಬ್ಬರಿ ಮಾರಿದಾಗ ಅವರು ವಾಪಸು ಕೊಡುತ್ತಾರೆ.